ಬೀಗ ಹಾಕಿದ ಮನೆಯೂ ಅಗ್ನಿವಿಮೆಯೂ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ದೂರದ ಊರುಗಳಲ್ಲಿದ್ದಾರೆ. ಹಿರಿಯರ ಮನೆಗೆ ಬೀಗ ಹಾಕಿ, ಕೀಲಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, ದುರಸ್ತಿ ಮುಗಿದ ಮೇಲೆ ಬರುತ್ತೇವೆಂದು ಹೊರಟುಬಿಡುವುದು ಸಾಮಾನ್ಯವಾಗಿದೆ. ಅವರಲ್ಲೊಬ್ಬರು ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರೇ, ಮನೆಗೆ ವಿಮೆ ಇದೆ, ಚಿಂತೆಯಿಲ್ಲ" ಎಂದರು. ಅಗ್ನಿವಿಮೆಯ ಇತಿಹಾಸವನ್ನು ಸ್ವಲ್ಪ ಓದಿದವರಿಗೆ ಇಷ್ಟೊಂದು ನಿಶ್ಚಿಂತೆ ಸಾಧ್ಯವಾಗದು. ಜನವಾಸವಿಲ್ಲದ ಮನೆ, ಕೆಲಸಗಾರರು ತುಂಬಿದ ಮನೆ, ಇವೆರಡನ್ನೂ ವಿಮೆಗಾರರು ಬಹುಕಾಲದಿಂದ ಸಂಶಯದ ಕಣ್ಣಿನಿಂದಲೇ ನೋಡುತ್ತ ಬಂದಿದ್ದಾರೆ. ಆ ಸಂಶಯಕ್ಕೆ ಕಾರಣವಿದೆ.

ಈ ಕಥೆ ಆರಂಭವಾಗುವುದು ಲಂಡನ್ ನಗರದಲ್ಲಿ. 1666ರ ಸೆಪ್ಟೆಂಬರ್ 2ರ ಭಾನುವಾರ ಪುಡ್ಡಿಂಗ್ ಲೇನ್ ಎಂಬ ಓಣಿಯ ರೊಟ್ಟಿ ಅಂಗಡಿಯೊಂದರಲ್ಲಿ ಹೊತ್ತಿದ ಕಿಡಿ ನಾಲ್ಕೈದು ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತೆಂಬುದನ್ನು ಪಾಠಪುಸ್ತಕಗಳಲ್ಲಿ ನೀವು ಓದಿದ್ದೀರಿ. ಆದರೆ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ವಿಷಯವನ್ನು ಆ ಪುಸ್ತಕಗಳು ಹೇಳುವುದಿಲ್ಲ. ಶಿಥಿಲವಾಗಿದ್ದ ಆ ಮಹಾಮಂದಿರದ ಜೀರ್ಣೋದ್ಧಾರದ ಮಾತುಕತೆ ಆಗ ನಡೆದಿತ್ತು. ಬೆಂಕಿ ಬೀಳುವುದಕ್ಕೆ ಕೇವಲ ಆರು ದಿನ ಮೊದಲು, ಆಗಸ್ಟ್ 27ರಂದು, ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್, ದಿನಚರಿಕಾರ ಜಾನ್ ಎವ್ಲಿನ್ ಮೊದಲಾದವರು ಅಲ್ಲಿಗೆ ಹೋಗಿ ಕಟ್ಟಡವನ್ನು ಪರಿಶೀಲಿಸಿ ಬಂದಿದ್ದರು. ಕಲ್ಲಿನ ಗೋಡೆಯ ಸುತ್ತ ಮರದ ಸಾರುವೆ ನಿಂತಿತ್ತು. ಕಲ್ಲಿನ ಕಟ್ಟಡವಾದ್ದರಿಂದ ಸುರಕ್ಷಿತವೆಂದು ನಂಬಿ ಪುಸ್ತಕ ವ್ಯಾಪಾರಿಗಳು ತಮ್ಮ ಸರಕನ್ನೆಲ್ಲ ಅದರ ನೆಲಮಾಳಿಗೆಯಲ್ಲಿ ತುಂಬಿದ್ದರು. ಸೆಪ್ಟೆಂಬರ್ 4ರ ಸಂಜೆ ಬೆಂಕಿ ಆ ಸಾರುವೆಯನ್ನು ಹಿಡಿಯಿತು. ಚಾವಣಿಯ ಸೀಸ ಕರಗಿ ಬೀದಿಯಲ್ಲಿ ಹರಿಯಿತು, ಪುಸ್ತಕಗಳೂ ಬೂದಿಯಾದವು. ಕಟ್ಟಡವನ್ನು ಉಳಿಸಲೆಂದು ಏರಿಸಿದ ಮರವೇ ಬೆಂಕಿಗೆ ಏಣಿಯಾಯಿತು.

ಈ ಅನಾಹುತದ ಅನಂತರವೇ ಅಗ್ನಿವಿಮೆ ಒಂದು ವ್ಯವಹಾರವಾಗಿ ಬೆಳೆದದ್ದು. ವೈದ್ಯನಾಗಿದ್ದು ಆಮೇಲೆ ಮನೆ ಕಟ್ಟಿಸುವ ದಂಧೆಗಿಳಿದ ನಿಕೊಲಸ್ ಬಾರ್ಬನ್ ಎಂಬಾತ 1680ರ ಸುಮಾರಿಗೆ ಲಂಡನ್ನಿನಲ್ಲಿ ವಿಮಾ ಕಚೇರಿಯನ್ನು ತೆರೆದನು. ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯ ಶೇಕಡಾ 2.5, ಮರದ ಮನೆಗೆ ಅದರ ಇಮ್ಮಡಿ, ಅಂದರೆ ಶೇಕಡಾ 5, ಕಂತು ಎಂಬುದು ಅವನ ಲೆಕ್ಕ. ಅಪಾಯ ಹೆಚ್ಚಾದಂತೆ ಕಂತೂ ಹೆಚ್ಚಬೇಕೆಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ. ಬಾರ್ಬನ್ ಪ್ರಾಮಾಣಿಕತೆಗೆ ಹೆಸರಾದವನೇನಲ್ಲ. ಆದರೂ ಈ ಮಟ್ಟಿಗೆ ಅವನ ಬುದ್ಧಿಯನ್ನು ಮೆಚ್ಚಬೇಕು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1752ರಲ್ಲಿ ಒಂದು ವಿಮಾ ಸಂಘವನ್ನು ಸ್ಥಾಪಿಸಿದರು. ಮುಂದೆ ಆ ಸಂಘವು, ಮನೆಯ ಮುಂದೆ ಮರವಿದ್ದರೆ ಬೆಂಕಿ ಆರಿಸಲು ಅಡ್ಡಿಯಾಗುವುದೆಂದು ಅಂಥ ಮನೆಗಳಿಗೆ ವಿಮೆಯನ್ನೇ ನಿರಾಕರಿಸಿತು. ನೆರಳನ್ನು ಬಿಟ್ಟುಕೊಡಲೊಲ್ಲದ ಜನರು 1784ರಲ್ಲಿ ಬೇರೆ ಸಂಘ ಕಟ್ಟಿಕೊಂಡು ಹಸಿರು ಮರವನ್ನೇ ಅದರ ಲಾಂಛನವಾಗಿಸಿದರು! ವಿಮಾಪತ್ರದ ಒಂದೊಂದು ಷರತ್ತಿನ ಹಿಂದೆಯೂ ಇಂಥದೊಂದು ಜಗಳ ಅಡಗಿರುತ್ತದೆಂದು ನನ್ನ ಅಭಿಪ್ರಾಯ.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ 1887ರಲ್ಲಿ ಬಳಕೆಗೆ ಬಂದ ಏಕರೂಪದ ಅಗ್ನಿವಿಮಾಪತ್ರ. ಪ್ರತ್ಯೇಕ ಒಪ್ಪಿಗೆ ಪಡೆಯದೆ ಮನೆಯನ್ನು ಹತ್ತು ದಿನ ಖಾಲಿ ಬಿಟ್ಟರೆ ಆ ಪತ್ರ ಅಸಿಂಧು. ಕಟ್ಟುವ, ಬದಲಾಯಿಸುವ ಅಥವಾ ದುರಸ್ತಿ ಮಾಡುವ ಕೆಲಸಗಾರರನ್ನು ಒಂದೇ ಸಲಕ್ಕೆ ಹದಿನೈದು ದಿನಗಳಿಗಿಂತ ಹೆಚ್ಚು ಇಟ್ಟುಕೊಂಡರೂ ಅಸಿಂಧು. ಅಂದರೆ ದುರಸ್ತಿಗೆಂದು ಮನೆ ಬಿಟ್ಟವನು ಎರಡೂ ಬಾಗಿಲುಗಳಿಂದ ಹೊರಬಿದ್ದಂತೆ! 1943ರ ಪರಿಷ್ಕರಣೆಯಲ್ಲಿ ಹತ್ತು ದಿನದ ಗಡುವು ಅರವತ್ತು ದಿನಗಳಿಗೆ ಸಡಿಲವಾಯಿತು.

ಅಲ್ಲಿನ ನ್ಯಾಯಾಲಯಗಳು ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದವು. ಜನರೂ ಇಲ್ಲದ, ಸಾಮಾನೂ ಇಲ್ಲದ ಮನೆ ಬರಿದಾದ ಮನೆ. ಸಾಮಾನಿದ್ದು ಜನರಿಲ್ಲದಿದ್ದರೆ ಅದು ವಾಸವಿಲ್ಲದ ಮನೆ. ಹಾಗಾದರೆ ಗಾರೆಯವರು, ಬಡಗಿಗಳು ದಿನವೂ ಬಂದುಹೋಗುವ ಮನೆ ಯಾವ ವರ್ಗಕ್ಕೆ ಸೇರಿತು? ಅಮೆರಿಕದಲ್ಲಿ ವಾಣಿಜ್ಯ ಕಟ್ಟಡಗಳಿಗೆ ಪ್ರಚಲಿತವಾಗಿರುವ ಮಾದರಿ ಪತ್ರವು, ನವೀಕರಣ ನಡೆಯುತ್ತಿರುವ ಕಟ್ಟಡವನ್ನು ಬರಿದೆಂದು ಎಣಿಸುವುದಿಲ್ಲ. ಮೇಸ್ತ್ರಿಯ ಕಣ್ಣೂ ಒಂದು ಕಾವಲೇ ಎಂಬುದು ಅದರ ತರ್ಕ. ಕೆಲಸ ನಿಂತು ಕಟ್ಟಡವು ಅರವತ್ತು ದಿನಗಳಿಗೂ ಮೀರಿ ಬರಿದಾಗಿದ್ದರೆ ಕಳವಿಗೆ ಪರಿಹಾರವಿಲ್ಲ; ಬೆಂಕಿಯಂಥ ನಷ್ಟಕ್ಕೆ ಶೇಕಡಾ 15 ಕಡಿತ.

ಕಾವಲಿನ ಕಣ್ಣುಗಳಿದ್ದರೂ ಸಾಲದೆಂಬುದಕ್ಕೆ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಅಪ್‌ಪಾರ್ಕ್ ಎಂಬ ಹದಿನೇಳನೆಯ ಶತಮಾನದ ಬಂಗಲೆ ಸಾಕ್ಷಿ. ಎಚ್. ಜಿ. ವೆಲ್ಸ್‌ನ ತಾಯಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮನೆಯಿದು; ಅಲ್ಲಿನ ಗ್ರಂಥಗಳನ್ನು ಓದಿ ಆ ಹುಡುಗ ಬೆಳೆದನು. 1989ರ ಆಗಸ್ಟ್ 30ರಂದು, ಚಾವಣಿಯ ದುರಸ್ತಿ ಇನ್ನೇನು ಮುಗಿಯಿತು ಎನ್ನುವಾಗ, ಸೀಸದ ತಗಡನ್ನು ಬೆಸೆಯುತ್ತಿದ್ದ ಬ್ಲೋಟಾರ್ಚಿನ ಜ್ವಾಲೆಯಿಂದ ಬೆಂಕಿ ಹತ್ತಿತು. ಮನೆ ಖಾಲಿಯಿರಲಿಲ್ಲ, ನೋಡಲು ಬಂದ ಪ್ರವಾಸಿಗರೂ ಇದ್ದರು. ಜನರಿದ್ದುದರಿಂದಲೇ ಚಿತ್ರಪಟ, ಪೀಠೋಪಕರಣಗಳಲ್ಲಿ ಹೆಚ್ಚಿನವನ್ನು ಹೊರಕ್ಕೆ ಹೊತ್ತು ತರಲು ಸಾಧ್ಯವಾಯಿತು. ಬೂದಿಯನ್ನು ಸಾವಿರಾರು ಡಬ್ಬಗಳಲ್ಲಿ ತುಂಬಿ, ಜರಡಿ ಹಿಡಿದು, ಹಳೆಯ ಗಾರೆಯ ಚೂರುಗಳನ್ನೂ ಆರಿಸಿಟ್ಟರು. ಮನೆಯನ್ನು ಮೊದಲಿನಂತೆ ಕಟ್ಟುವ ನಿರ್ಧಾರದ ಹಿಂದೆ ಭಾವನೆಯಷ್ಟೇ ಅಲ್ಲ, ವಿಮೆಯ ಲೆಕ್ಕಾಚಾರವೂ ಇತ್ತು. 1995ರಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು.

ಇದಕ್ಕೆ ಪ್ರತಿಯಾದ ಉದಾಹರಣೆ ವಿಂಡ್ಸರ್ ಅರಮನೆಯದು. 1992ರ ನವೆಂಬರ್ 20ರಂದು ದೀಪದ ಕಾವಿಗೆ ಪರದೆಯೊಂದು ಹೊತ್ತಿಕೊಂಡಾಗ ಆ ಅರಮನೆಗೆ ವಿಮೆಯೇ ಇರಲಿಲ್ಲ. ವಿದ್ಯುತ್ ತಂತಿಗಳನ್ನು ಬದಲಾಯಿಸುವ ಸಲುವಾಗಿ ಹಲವು ಕೋಣೆಗಳ ಕಲಾಕೃತಿಗಳನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದವು. ಕೋಣೆಗಳು ಖಾಲಿಯಾಗಿದ್ದುದೇ ಇಲ್ಲಿ ಪುಣ್ಯವಾಯಿತು! ಸುಮಾರು 3.65 ಕೋಟಿ ಪೌಂಡುಗಳ ವೆಚ್ಚದ ಬಹುಭಾಗವನ್ನು ಬಕಿಂಗ್‌ಹ್ಯಾಮ್ ಅರಮನೆಯನ್ನು ಸಾರ್ವಜನಿಕರಿಗೆ ತೆರೆದು, ಪ್ರವೇಶ ಶುಲ್ಕದಿಂದ ಹೊಂದಿಸಿದರು. ನಮ್ಮ ನಿಮ್ಮ ಮನೆ ಸುಟ್ಟರೆ ತೆರೆದು ತೋರಿಸಲು ಎರಡನೆಯ ಅರಮನೆ ಎಲ್ಲಿಂದ ಬರಬೇಕು?

ಇನ್ನು ನಮ್ಮ ದೇಶದ ಮಾತು. ನಮ್ಮಲ್ಲಿ ದಶಕಗಳ ಕಾಲ ಮನೆಗಳಿಗೂ ಬಳಕೆಯಲ್ಲಿದ್ದ ಪ್ರಮಾಣಿತ ಅಗ್ನಿವಿಮಾಪತ್ರದಲ್ಲಿ ಒಂದು ಷರತ್ತಿತ್ತು: ಕಟ್ಟಡವು 30 ದಿನಗಳಿಗಿಂತ ಹೆಚ್ಚು ಕಾಲ ವಾಸವಿಲ್ಲದೆ ಉಳಿದರೆ ವಿಮೆ ಅನ್ವಯಿಸದು, ಮುಂದುವರಿಯಬೇಕಾದರೆ ನಷ್ಟ ಸಂಭವಿಸುವ ಮೊದಲೇ ಕಂಪನಿಯ ಒಪ್ಪಿಗೆಯನ್ನು ಪತ್ರದ ಮೇಲೆ ಬರೆಸಿಕೊಳ್ಳಬೇಕು. ಮನೆಯ ಉಪಯೋಗ ಬದಲಾಗಿ ಅಪಾಯ ಹೆಚ್ಚಿದರೂ ಇದೇ ಗತಿ. 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ ಭಾರತ್ ಗೃಹ ರಕ್ಷಾ ಎಂಬ ಹೊಸ ಮಾದರಿ ಬಂದಿದೆ. ದೊಡ್ಡ ಪ್ರಮಾಣದಲ್ಲಿ ಒಡೆದು ಕಟ್ಟುವ ಕೆಲಸಕ್ಕೆ ಗುತ್ತಿಗೆದಾರರ ಸರ್ವ ಅಪಾಯ ವಿಮೆ ಎಂಬ ಬೇರೆಯೇ ಪತ್ರವುಂಟು.

ಆ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟೇ. ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಸಣ್ಣ ಅಕ್ಷರದ ಷರತ್ತುಗಳನ್ನು ಓದು. ಮನೆ ಯಾವ ದಿನದಿಂದ ಖಾಲಿ, ಕೆಲಸ ಎಷ್ಟು ತಿಂಗಳು, ಬೆಸುಗೆಯ ಕೆಲಸವಿದೆಯೇ, ರಾತ್ರಿ ಅಲ್ಲಿ ಮಲಗುವವರು ಯಾರು, ಇವನ್ನು ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆದುಕೋ. ಎಂಟು ದಿನಗಳ ಮೇಲೆ ಆತ ಮತ್ತೆ ದೂರವಾಣಿ ಮಾಡಿದರು. ಪತ್ರ ಓದಿದ್ದಾಯಿತಂತೆ, ಕಂಪನಿಗೆ ಕಾಗದ ಹೋಯಿತಂತೆ. ಉತ್ತರ ಬರುವವರೆಗೆ ರಾತ್ರಿ ಮಲಗಲು ಪಕ್ಕದ ಮನೆಯ ಹುಡುಗನನ್ನು ಗೊತ್ತುಮಾಡಿದ್ದಾರಂತೆ.