‘ಹ’ ಕುಳಿತ ಜಾಗ: ಜಪಾನೀ ಅಕ್ಷರಕ್ರಮ, ಸಿದ್ಧಂ ಅಧ್ಯಯನ ಮತ್ತು ಒಂದು ವಿದ್ವತ್ ವಾಗ್ವಾದ

1. ಪೀಠಿಕೆ

ಜಪಾನೀ ಕಲಿಯಲು ಕೂತ ಕನ್ನಡಿಗರಿಗೆ ಮೊದಲ ಪಾಠದಲ್ಲೇ ಪರಿಚಿತ ದನಿಯೊಂದು ಕೇಳುತ್ತದೆ. ಅ, ಇ, ಉ, ಎ, ಒ ಎಂದು ಸ್ವರಗಳು. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಲುಗಳು. ‘ಗೊಜೂಓನ್’ (ಐವತ್ತು ಧ್ವನಿ) ಎಂಬ ಈ ಕೋಷ್ಟಕ ನಮ್ಮ ವರ್ಣಮಾಲೆಯ ದೂರದ ನೆಂಟ ಎಂಬುದು ಹೊಸ ಮಾತಲ್ಲ. ಆದರೆ ಎರಡು ಕಡೆ ಲೆಕ್ಕ ತಪ್ಪಿದಂತೆ ಕಾಣುತ್ತದೆ. ಚವರ್ಗ ಇರಬೇಕಾದಲ್ಲಿ ‘ಸ’ ಇದೆ. ನಕಾರ ಮಕಾರಗಳ ನಡುವೆ, ಪವರ್ಗದ ಜಾಗದಲ್ಲಿ, ‘ಹ’ ಕುಳಿತಿದೆ. ನಮ್ಮಲ್ಲಿ ಅವರ್ಗೀಯಗಳ ಸಾಲಿನಲ್ಲಿ ಹಿಂದೆ ನಿಲ್ಲುವ ಹಕಾರ ಅಲ್ಲಿ ನಡುಮನೆಗೆ ಬಂದದ್ದು ಹೇಗೆ?

ಈ ಕ್ರಮವನ್ನು ಧ್ವನಿಚರಿತ್ರೆಯ ದಾಖಲೆಯಾಗಿ ಓದಬೇಕು ಎಂಬುದು ಈ ಲೇಖನದ ವಾದ. ಪಕಾರ ಹಕಾರವಾದುದನ್ನು ತನ್ನ ನುಡಿಯಲ್ಲೇ ಕಂಡ ಕನ್ನಡ ಓದುಗನಿಗೆ ಆ ಓದು ಸುಲಭ. 18ನೆಯ ಶತಮಾನದ ಜಪಾನಿನ ಅತ್ಯಂತ ಸೂಕ್ಷ್ಮ ಭಾಷಾಚಿಂತಕನೊಬ್ಬನಿಗೆ ಅದು ಕಣ್ಣೆದುರಿಗಿದ್ದೂ ಕಾಣಲಿಲ್ಲ.

2. ಮಠಗಳಲ್ಲಿ ಸಿದ್ಧಂ

ತಾಳಗುಂದದ ಸ್ತಂಭಶಾಸನ ‘ಸಿದ್ಧಂ’ ಎಂಬ ಮಂಗಳವಾಚಕದಿಂದ ತೊಡಗುತ್ತದೆ. ಅಕ್ಷರಾಭ್ಯಾಸದ ಆರಂಭದಲ್ಲಿ ಹೇಳುತ್ತಿದ್ದ ಇದೇ ಮಾತು ಪೂರ್ವ ಏಷ್ಯಾದಲ್ಲಿ ಒಂದು ಲಿಪಿಯ, ಒಂದು ಶಾಸ್ತ್ರದ ಹೆಸರಾಯಿತು. ಜಪಾನೀಯರ ಬಾಯಲ್ಲಿ ಅದು ‘ಶಿತ್ತಾನ್’. ಹೋರ್ಯೂಜಿ ಮಠದಲ್ಲಿದ್ದು ಈಗ ಟೋಕಿಯೋ ವಸ್ತುಸಂಗ್ರಹಾಲಯದಲ್ಲಿರುವ ತಾಳೆಗರಿಯಲ್ಲಿ ‘ಪ್ರಜ್ಞಾಪಾರಮಿತಾ ಹೃದಯ’ ಮತ್ತು ‘ಉಷ್ಣೀಷವಿಜಯಾ ಧಾರಣಿ’ಗಳ ಕೊನೆಗೆ ವರ್ಣಮಾಲೆಯನ್ನೂ ಬರೆದಿದ್ದಾರೆ. ಮಂತ್ರ ಫಲಿಸಬೇಕಾದರೆ ಉಚ್ಚಾರ ಶುದ್ಧವಿರಬೇಕು. ಉಚ್ಚಾರಕ್ಕೆ ವರ್ಣಕ್ರಮ ಬೇಕು. 804ರಲ್ಲಿ ಚೀನಾಕ್ಕೆ ಹೋದ ಜಪಾನೀ ಭಿಕ್ಷು ಕೂಕಾಯ್, ಚಾಂಗ್‌ಆನ್ ನಗರದಲ್ಲಿ ಭಾರತೀಯ ಭಿಕ್ಷು ಪ್ರಜ್ಞನ ಬಳಿ ಕಲಿತು 806ರಲ್ಲಿ ಸಿದ್ಧಂ ಗ್ರಂಥಗಳೊಡನೆ ಮರಳಿದ. 880ರ ಹೊತ್ತಿಗೆ ಆನ್ನೆನ್ ಎಂಬ ತೆಂದಾಯ್ ಪಂಥದ ಭಿಕ್ಷು ಈ ಶಾಸ್ತ್ರವನ್ನೆಲ್ಲ ‘ಶಿತ್ತಾನ್‌ಜೋ’ ಗ್ರಂಥದಲ್ಲಿ ಒಟ್ಟುಮಾಡಿದ.

ಆದರೂ ಐವತ್ತು ಧ್ವನಿಗಳ ಕೋಷ್ಟಕ ಸಿದ್ಧರೂಪದಲ್ಲಿ ಹಡಗಿನಿಂದ ಇಳಿದದ್ದಲ್ಲ. 11ನೆಯ ಶತಮಾನದ ಮೊದಲ ಭಾಗದ ‘ಕುಜಾಕುಕ್ಯೋ ಓಂಗಿ’ಯಲ್ಲಿ ಸಿಗುವ ಅತಿ ಹಳೆಯ ಮಾದರಿಯಲ್ಲಿ ಸ್ವರಗಳ ಸರಣಿ ಇ, ಒ, ಅ, ಎ, ಉ. 1093ರ ‘ಹಾನ್‌ಓನ್ ಸಾಹೋ’ದಲ್ಲಿ ಮ್ಯೋಗಾಕು ಎಂಬ ಭಿಕ್ಷು ಸಾಲುಗಳನ್ನು ಉಚ್ಚಾರಸ್ಥಾನದ ಪ್ರಕಾರ ಮೂರು ಗುಂಪು ಮಾಡಿದ: ಗಂಟಲಿಗೆ ಅ, ಕ, ಯ, ನಾಲಗೆಗೆ ಸ, ತ, ನ, ರ, ತುಟಿಗೆ ಹ, ಮ, ವ. ಇಂದಿನ ಹಕಾರ ಹೇಳಲು ತುಟಿ ಕೂಡಿಸಬೇಕಿಲ್ಲ. ಮ್ಯೋಗಾಕುವಿನ ಕಾಲದಲ್ಲಿ ಕೂಡಿಸಬೇಕಿತ್ತು ಎಂದೇ ಇದರರ್ಥ.

3. ಮಾತ್ಸುಸಾಕದ ಗೋಷ್ಠಿ

ಮಠದ ಈ ವಿದ್ಯೆ ಪೇಟೆಗೆ ಬಂದದ್ದು ಕೇಚೂ (1640–1701) ಎಂಬ ಶಿಂಗೋನ್ ಪಂಥದ ಭಿಕ್ಷುವಿನಿಂದ. ಪ್ರಾಚೀನ ಕೃತಿಗಳ ಕಾಗುಣಿತ ತಿದ್ದಲು ಅವನು ಸಿದ್ಧಂ ಜ್ಞಾನವನ್ನು ಬಳಸಿಕೊಂಡ. ಅವನ ಕೃತಿಗಳಿಂದ ಪ್ರಭಾವಿತನಾದ ಮೊತೊಓರಿ ನೊರಿನಾಗ (1730–1801) ಮಾತ್ಸುಸಾಕ ಪಟ್ಟಣದ ವೈದ್ಯ. ವೈದ್ಯ ವೃತ್ತಿಯ ಜೊತೆಗೆ ಊರಿನ ವರ್ತಕರನ್ನೂ ಆಸಕ್ತರನ್ನೂ ಸೇರಿಸಿಕೊಂಡು ‘ಗೆಂಜಿ ಮೊನೊಗತಾರಿ’ಯಂಥ ಪ್ರಾಚೀನ ಕೃತಿಗಳ ಪಾಠ ಹೇಳುತ್ತಿದ್ದ. 1782ರಲ್ಲಿ ಮಹಡಿಯ ಮೇಲೆ ನಾಲ್ಕೂವರೆ ಚಾಪೆಯಷ್ಟಗಲದ ಓದುಕೋಣೆ ಕಟ್ಟಿಸಿ, ಅಲ್ಲಿ ಗಂಟೆಗಳನ್ನು ತೂಗುಹಾಕಿದ. ‘ಸುಜುನೊಯ’ ಎಂಬ ಹೆಸರು ಆ ಗಂಟೆಗಳಿಂದ ಬಂತು.

1776ರಲ್ಲಿ ಪ್ರಕಟವಾದ ‘ಜಿಓನ್ ಕನಜುಕಾಯ್’ನಲ್ಲಿ ನೊರಿನಾಗ ಶತಮಾನಗಳ ತಪ್ಪೊಂದನ್ನು ತಿದ್ದಿದ. ಅಲ್ಲಿಯವರೆಗೆ ಕೋಷ್ಟಕದಲ್ಲಿ ‘ಒ’ ಮತ್ತು ‘ವೊ’ ಅದಲುಬದಲಾಗಿ ನಿಂತಿದ್ದವು. ಅವನು ಹಿಡಿದ ದಾರಿ ಛಂದಸ್ಸಿನದು. ಹಳೆಯ ಕವಿತೆಗಳಲ್ಲಿ ಐದು ಅಥವಾ ಏಳು ಅಕ್ಷರಗಳ ಪಾದಕ್ಕೆ ಒಂದಕ್ಷರ ಹೆಚ್ಚಾದಾಗಲೆಲ್ಲ ನಡುವೆ ಶುದ್ಧ ಸ್ವರವೊಂದು ಇರುತ್ತದೆ; ಅದು ಪಕ್ಕದ ದನಿಯಲ್ಲಿ ಕರಗುವುದರಿಂದ ಕಿವಿಗೆ ಲೆಕ್ಕ ತಪ್ಪುವುದಿಲ್ಲ. ‘ಒ’ ಹೀಗೆ ನಡೆದುಕೊಳ್ಳುತ್ತದೆ, ‘ವೊ’ ನಡೆದುಕೊಳ್ಳುವುದಿಲ್ಲ. ಆದ್ದರಿಂದ ‘ಒ’ ಸ್ವರಗಳ ಸಾಲಿಗೆ ಸೇರಬೇಕು. ಲಘು ಗುರು ಎಣಿಸಿ ಪಾಠ ನಿರ್ಣಯಿಸುವ ನಮ್ಮ ಗ್ರಂಥಸಂಪಾದಕರಿಗೆ ಈ ತರ್ಕದ ಬಿಗಿ ತಟ್ಟನೆ ಹಿಡಿಸುತ್ತದೆ.

ಇದೇ ನೊರಿನಾಗ ‘ಪ’ ವಿಷಯದಲ್ಲಿ ಎಡವಿದ. ಪ್ರಾಚೀನ ಜಪಾನೀ ನುಡಿ ಶುದ್ಧ; ಪಕಾರವೂ ಪದಾಂತ್ಯದ ಅನುನಾಸಿಕವೂ ಆಮೇಲೆ ಸೇರಿದ ಕೊಳೆ ಎಂದು ಅವನ ನಂಬಿಕೆ. ಕತೆಗಾರ ಉಯೆದಾ ಅಕಿನಾರಿ ಇದನ್ನು ಒಪ್ಪದೆ, ಪ್ರಾಚೀನರ ಬಾಯಲ್ಲಿ ಆ ದನಿಗಳೂ ಇದ್ದವು ಎಂದು ವಾದಿಸಿದ. 1780ರ ದಶಕದ ಈ ಚರ್ಚೆ ಅಕ್ಷರದಿಂದ ಹೊರಟು ಸೂರ್ಯದೇವತೆಯವರೆಗೆ ಬೆಳೆದು ‘ಕಗಾಯ್ಕ’ ಎಂಬ ಕೃತಿಯಾಗಿ ಉಳಿದಿದೆ. ಪರದೇಶದ ಚಿಂತನೆಯನ್ನು ದೂರವಿಟ್ಟು ಸ್ವದೇಶದ ಮನಸ್ಸನ್ನು ಹುಡುಕಿದ ನೊರಿನಾಗನ ಕೈಯಲ್ಲಿದ್ದ ಅಳತೆಗೋಲೇ ಭಾರತದಿಂದ ಬಂದದ್ದು. ತನ್ನ ನಂಬಿಕೆಗೆ ಎದುರಾದ ಸಾಕ್ಷಿ ಆ ಕೋಲಿನ ಮೇಲೆಯೇ ಗುರುತಾಗಿತ್ತು.

4. ತುಟಿಗಳ ಸಾಕ್ಷ್ಯ

1516ರ ಒಗಟುಗಳ ಸಂಕಲನವೊಂದರಲ್ಲಿ ವಿಚಿತ್ರವಾದ ಒಗಟಿದೆ. ತಾಯಿಯಲ್ಲಿ ಎರಡು ಸಲ ಕೂಡುವ, ತಂದೆಯಲ್ಲಿ ಒಮ್ಮೆಯೂ ಕೂಡದ ವಸ್ತು ಯಾವುದು ಎಂದು ಕೇಳಿ, ಉತ್ತರ ‘ತುಟಿ’ ಎನ್ನುತ್ತದೆ. ತಾಯಿಗೆ ಜಪಾನೀ ಪದ ‘ಹಹ’. ಇಂದಿನ ಉಚ್ಚಾರದಲ್ಲಿ ಒಗಟು ಬಿಡಿಸಲಾಗದು. ‘ಫಫ’ ಎಂದು ಓದಿದರೆ ತುಟಿ ಎರಡು ಸಲ ಹತ್ತಿರ ಬರುತ್ತದೆ. ತಂದೆಯನ್ನು ಕರೆಯುವ ‘ಚಿಚಿ’ಯಲ್ಲಿ ಬರುವುದಿಲ್ಲ. 1603ರಲ್ಲಿ ನಾಗಸಾಕಿಯಲ್ಲಿ ಜೆಸುಯಿಟ್ ಪಾದ್ರಿಗಳು ಅಚ್ಚುಹಾಕಿದ ಜಪಾನೀ–ಪೋರ್ಚುಗೀಸ್ ನಿಘಂಟು ಕೂಡ ಈ ಸಾಲಿನ ಪದಗಳನ್ನು ಫಕಾರದಲ್ಲೇ ಬರೆಯುತ್ತದೆ.

ಲಿಪಿಯೊಳಗೂ ಕುರುಹಿದೆ. ಎರಡು ಗೀರು ಹಾಕಿದರೆ ಕ ಗ ಆಗುತ್ತದೆ, ತ ದ ಆಗುತ್ತದೆ. ಅದೇ ಗೀರಿಗೆ ಹ ಬ ಆಗುತ್ತದೆ. ಬಕಾರಕ್ಕೆ ಜೋಡಿಯಾಗಬೇಕಾದದ್ದು ಪಕಾರ. ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ಉಯೆದಾ ಕಜುತೋಶಿ 1898ರಲ್ಲಿ ಇಂಥ ಸಾಕ್ಷ್ಯಗಳನ್ನು ಜೋಡಿಸಿ, ಹಕಾರದ ಮೂಲರೂಪ ಪಕಾರವೆಂದು ಮಂಡಿಸಿದರು. ರ್ಯೂಕ್ಯೂ ದ್ವೀಪಗಳ ಮಿಯಾಕೊದಲ್ಲಿ ಹೂವಿಗೆ ಇಂದಿಗೂ ‘ಪನ’ ಎನ್ನುತ್ತಾರೆ. ಟೋಕಿಯೋದಲ್ಲಿ ಅದು ‘ಹನ’. ಚವರ್ಗದ ಜಾಗದಲ್ಲಿ ನಿಂತ ಸಕಾರಕ್ಕೂ ಹಿಂದೆ ಚಕಾರಕ್ಕೆ ಹತ್ತಿರದ ಉಚ್ಚಾರವಿತ್ತು ಎಂಬ ಅಭಿಪ್ರಾಯ ಪ್ರಬಲವಾಗಿದೆ.

5. ಕನ್ನಡದ ಕಡೆಯಿಂದ

ಪೂ ಹೂವಾದ, ಪುಲಿ ಹುಲಿಯಾದ, ಪಾಲ್ ಹಾಲಾದ ನುಡಿಯವರಿಗೆ ಇದು ಮನೆಯ ಮಾತು. ಆದರೆ ಹೋಲಿಕೆಯನ್ನು ನಂಟು ಎಂದುಕೊಳ್ಳಬಾರದು. ಪಕಾರ ಸಡಿಲಗೊಂಡು ಹಕಾರವಾಗುವುದು ಸಂಬಂಧವಿಲ್ಲದ ನುಡಿಗಳಲ್ಲೂ ನಡೆಯುತ್ತದೆ. ಜಪಾನೀಗೂ ತಮಿಳಿಗೂ ನಂಟು ಕಟ್ಟಿದ ಓನೊ ಸುಸುಮು ಅವರ ವಾದವನ್ನು ಭಾಷಾವಿಜ್ಞಾನಿಗಳು ಕಟುವಾಗಿ ಪ್ರಶ್ನಿಸಿದ್ದಾರೆ.

ಹೋಲಿಕೆಗಿಂತ ವ್ಯತ್ಯಾಸವೇ ಇಲ್ಲಿ ಹೆಚ್ಚು ಕಲಿಸುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಹಕಾರ ಮೊದಲೇ ಇತ್ತು. ಉಚ್ಚಾರ ಬದಲಾದಾಗ ಬರವಣಿಗೆಯೂ ಆ ಅಕ್ಷರಕ್ಕೆ ಹೊರಳಿತು. ಜಪಾನೀ ಅಕ್ಷರಲಿಪಿಯಾದ ‘ಕನ’ದಲ್ಲಿ ಬೇರೆ ಹಕಾರ ಇರಲಿಲ್ಲ. ಅಕ್ಷರ ತನ್ನ ಜಾಗದಲ್ಲೇ ಉಳಿದು ಅದರ ದನಿ ಮಾತ್ರ ಬದಲಾಯಿತು. 1889ರಿಂದ 1891ರವರೆಗೆ ಹೊರಬಂದ ಓತ್ಸುಕಿ ಫುಮಿಹಿಕೊ ಅವರ ‘ಗೆಂಕಾಯ್’ ನಿಘಂಟು, ಜನಬಳಕೆಯ ‘ಇರೊಹ’ ಸರಣಿಯನ್ನು ಬಿಟ್ಟು ಗೊಜೂಓನ್ ಕ್ರಮವನ್ನು ಆಯ್ದುಕೊಂಡಿತು. ಅಂಥ ನಿಘಂಟಿನಲ್ಲಿ ಹೂವಿನ ಪದ ಇಂದಿಗೂ ನಕಾರದ ನಂತರ, ಮಕಾರಕ್ಕೆ ಮೊದಲು, ತುಟಿಯ ಅಕ್ಷರಗಳಿಗೆ ಸಲ್ಲುವ ಜಾಗದಲ್ಲೇ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ‘ಪೂ’ ನೋಡಿದವರು ‘ಹೂ’ ಹುಡುಕಲು ಆ ಸಂಪುಟವನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕು.