ಬಳ್ಳಾರಿ ಸೀಮೆಯ ಪೌರಾಡಳಿತ: ನೀರಿನ ಹೊಣೆ, ನೀರಿನ ಒಡೆತನ

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಈ ಮೂರು ಊರುಗಳಲ್ಲಿ ನಲ್ಲಿಯ ನೀರು ನಿಂತಾಗ ಜನರು ದೂರುವುದು ಸ್ಥಳೀಯ ಸಂಸ್ಥೆಯನ್ನು. ದೂರು ಸಹಜವೇ. ಆದರೆ ಆ ಸಂಸ್ಥೆಯ ಕೈಯಲ್ಲಿರುವುದೆಷ್ಟು, ಇಲ್ಲದುದೆಷ್ಟು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿಚಾರಿಸದೆ ತೀರ್ಪು ನೀಡುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

1800ರಲ್ಲಿ ನಿಜಾಮನಿಂದ ಕಂಪನಿಯ ವಶವಾದ ಈ ಸೀಮೆಗೆ ಪೌರಸಭೆಯೆಂಬುದು ಬಂದುದು ಮದರಾಸು ಸರ್ಕಾರದ ಶಾಸನಗಳ ಮೂಲಕ. 1865ರ ಪಟ್ಟಣ ಸುಧಾರಣಾ ಶಾಸನವು ಊರಿನ ಸುಧಾರಣೆಯೊಡನೆ ಪೊಲೀಸ್ ವೆಚ್ಚದ ಭಾರವನ್ನೂ ಪೌರರ ಮೇಲೆ ಹೊರಿಸಿತು. 1871ರ ಶಾಸನವು ಆ ಭಾರವನ್ನಿಳಿಸಿ, ಅದರ ಬದಲಿಗೆ ಶಿಕ್ಷಣ, ವೈದ್ಯ, ನೈರ್ಮಲ್ಯಗಳನ್ನು ವಹಿಸಿತು. ರಿಪ್ಪನ್ನನ 1882ರ ನಿರ್ಣಯ ಸ್ವಯಮಾಡಳಿತದ ಮಾತನ್ನಾಡಿತಾದರೂ ಬೊಕ್ಕಸದ ಬೀಗದ ಕೈ ಮೇಲಿನವರಲ್ಲಿಯೇ ಉಳಿಯಿತು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೂ ಸೇರಿದುವು. ರಾಜ್ಯ ಬದಲಾದರೂ ಶಾಸನ ಬದಲಾಗಲಿಲ್ಲ. 1964ರ ಮೈಸೂರು ಪೌರಸಭೆಗಳ ಶಾಸನ ಬರುವವರೆಗೆ ಮದರಾಸಿನ 1920ರ ಶಾಸನವೇ ನಡೆಯಿತು. ಮುಂದೆ 1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್ ಸುಂಕ ರದ್ದಾಯಿತು. ವರ್ತಕರಿಗೆ ಇದರಿಂದ ನೆಮ್ಮದಿಯಾಯಿತೆಂಬುದು ನಿಜ. ಆದರೆ ಪೇಟೆ ಬೆಳೆದಂತೆ ತಾನೂ ಬೆಳೆಯುತ್ತಿದ್ದ ಆದಾಯವೊಂದು ಹೋಗಿ, ಅದರ ಸ್ಥಾನದಲ್ಲಿ ಸರ್ಕಾರದ ಅನುದಾನ ನಿಂತಿತು.

ನೀರಿನ ವಿಷಯವಂತೂ ಇನ್ನೂ ಜಟಿಲ. ಬಳ್ಳಾರಿಗೆ ನೀರು ದೊರೆಯುವುದು ಬಹುಮಟ್ಟಿಗೆ ತುಂಗಭದ್ರಾ ಕಾಲುವೆಗಳಿಂದ. ಬೇಸಗೆಯಲ್ಲಿ ಕಾಲುವೆ ನಿಲ್ಲುವುದರಿಂದ ಅಲ್ಲೀಪುರ, ಮೋಕಾ ಕೆರೆಗಳಲ್ಲಿ ಮೊದಲೇ ಸಂಗ್ರಹಿಸಿಡಬೇಕು. ಕಾಲುವೆಯ ನೀರು ಎಂದು ಬಿಡಬೇಕು, ಎಂದು ನಿಲ್ಲಿಸಬೇಕೆಂಬುದು ಅಂತರರಾಜ್ಯ ಹಂಚಿಕೆಗೂ ಬೇಸಾಯದ ಅಗತ್ಯಕ್ಕೂ ಸೇರಿದ ವಿಷಯ. ತುಂಗಭದ್ರಾ ಮಂಡಳಿಯಲ್ಲಿ ನಗರಕ್ಕೆ ಪೀಠವಿಲ್ಲ. 1975ರಲ್ಲಿ ಸ್ಥಾಪಿತವಾದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಯೋಜನೆಗಳನ್ನು ರಚಿಸಿ ಕಟ್ಟುತ್ತದೆ. ಕಟ್ಟಿದ ಮೇಲೆ ಕೊಳವೆಯ ದುರಸ್ತಿ, ಪಂಪಿನ ವಿದ್ಯುತ್ ವೆಚ್ಚ, ಜನರ ಬೈಗುಳ ಇವು ಸ್ಥಳೀಯ ಸಂಸ್ಥೆಯ ಪಾಲಿಗೆ. ಒಡೆತನವಿಲ್ಲದ ಹೊಣೆಯೆಂದರೆ ಇದೇ.

ಸಿರುಗುಪ್ಪ ಹೊಳೆಯ ದಡದ ಊರಾದರೂ ಬೇಸಗೆಯಲ್ಲಿ ಹೊಳೆಯೇ ಸೊರಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಕುರುಗೋಡು, ಪಂಚಾಯಿತಿಯ ಹಂತವನ್ನು ದಾಟಿ ಪುರಸಭೆಯೂ ತಾಲ್ಲೂಕು ಕೇಂದ್ರವೂ ಆದುದು ಈಚೆಗೆ. ಫಲಕ ಬದಲಾಯಿಸುವುದು ಸುಲಭ. ಇಂಜಿನಿಯರು, ಲೆಕ್ಕಿಗ, ಆರೋಗ್ಯ ನಿರೀಕ್ಷಕರನ್ನು ಒದಗಿಸುವುದು ಹಾಗಲ್ಲ.

ಇಷ್ಟಾದರೂ ದೋಷವೆಲ್ಲವೂ ಮೇಲಿನದೆಂದು ನಾವು ಹೇಳಲಾರೆವು. ಮತದಾರರ ಮುನಿಸಿಗೆ ಅಂಜಿ ನೀರಿನ ಕರವನ್ನು ಏರಿಸದ ಸಭೆಗಳೂ, ಬಾಕಿ ವಸೂಲಿಯಲ್ಲಿ ಪ್ರಭಾವಶಾಲಿಗಳನ್ನು ಕಂಡೂ ಕಾಣದ ಕಚೇರಿಗಳೂ ಉಂಟು. ಆದರೆ ಮತದಾರರಿಗೆ ಉತ್ತರ ಹೇಳುವ ಸಭೆಯಾದರೂ ಇರಬೇಕಷ್ಟೆ. 1993ರಲ್ಲಿ ಜಾರಿಗೆ ಬಂದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಪೌರಸಂಸ್ಥೆಗೆ ಐದು ವರ್ಷಗಳ ಅವಧಿಯನ್ನು ಗೊತ್ತುಮಾಡಿ, ಅದು ಮುಗಿಯುವುದರೊಳಗಾಗಿ ಚುನಾವಣೆ ನಡೆಯಬೇಕೆಂದು ವಿಧಿಸಿದೆ. ಬಳ್ಳಾರಿ ಮಹಾನಗರಪಾಲಿಕೆಯ ಹಿಂದಿನ ಸಭೆಯ ಅವಧಿ 2019ರಲ್ಲಿ ತೀರಿತು. ಮುಂದಿನ ಚುನಾವಣೆ ನಡೆದುದು 2021ರ ಏಪ್ರಿಲಿನಲ್ಲಿ. ಮೇಯರ್ ಪೀಠ ತುಂಬಿದುದು 2022ರಲ್ಲಿ.