ಬಾಯ್ಲರಿನೊಳಗಣ ನೀರು

ಬಚ್ಚಲಮನೆಯ ಹಂಡೆಯಲ್ಲಿ ನೀರು ಎಷ್ಟಿದೆಯೆಂದು ತಿಳಿಯಬೇಕಾದರೆ ಮುಚ್ಚಳ ತೆಗೆದು ಬಗ್ಗಿ ನೋಡಿದರಾಯಿತು. ಕತ್ತಲೆಯಾಗಿದ್ದರೆ ತಂಬಿಗೆ ಅದ್ದಿದರೂ ಗೊತ್ತಾಗುತ್ತದೆ. ಆದರೆ ಹಂಡೆಯ ಬಾಯನ್ನು ಸುತ್ತಲೂ ರಿವೆಟು ಹೊಡೆದು ಮುಚ್ಚಿ, ಕೆಳಗೆ ಹಗಲಿರುಳೂ ಬೆಂಕಿಯಿಟ್ಟು, ಒಳಗಿನ ಉಗಿ ಒಂದೊಂದು ಚದರಂಗುಲವನ್ನೂ ನೂರಾರು ಪೌಂಡುಗಳ ಭಾರದಿಂದ ಒತ್ತುತ್ತಿರುವಾಗ ಒಳಗಿನ ನೀರನ್ನು ನೋಡುವುದು ಹೇಗೆ? ಉಗಿಯಂತ್ರದ ಚರಿತ್ರೆಯನ್ನು ಬರೆದವರೆಲ್ಲರೂ ಪಿಸ್ಟನ್ನು, ಸಿಲಿಂಡರು, ಚಕ್ರಗಳ ಮಾತನ್ನು ವಿಸ್ತಾರವಾಗಿ ಹೇಳುತ್ತಾರೆ. ಬಾಯ್ಲರಿನ ಮಗ್ಗುಲಲ್ಲಿ ನಿಂತಿರುವ ಗೇಣುದ್ದದ ಗಾಜಿನ ಕೊಳವೆಯ ಮಾತು ಬಂದಾಗ ಮಾತ್ರ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇದು ನ್ಯಾಯವಲ್ಲವೆಂದು ನನ್ನ ಭಾವನೆ.

ನೀರಿನ ಮಟ್ಟಕ್ಕೆ ಇಷ್ಟು ಮಹತ್ವವೇಕೆಂಬುದನ್ನು ಮೊದಲು ತಿಳಿಯಬೇಕು. ಕಾಗದದ ದೊನ್ನೆಯಲ್ಲಿ ನೀರು ತುಂಬಿ ದೀಪದ ಮೇಲೆ ಹಿಡಿದರೆ ಕಾಗದ ಸುಡುವುದಿಲ್ಲ. ಈ ಆಟವನ್ನು ನಮ್ಮಲ್ಲಿ ಹಲವರು ಬಾಲ್ಯದಲ್ಲಿ ಆಡಿದ್ದೇವೆ. ಬೆಂಕಿಯ ಶಾಖವನ್ನು ನೀರು ಹೀರಿಕೊಂಡುಬಿಡುವುದೇ ಇದಕ್ಕೆ ಕಾರಣ. ಬಾಯ್ಲರಿನ ಕಬ್ಬಿಣದ ತಗಡಿನ ಪಾಡೂ ಅದೇ. ಅದರ ಬೆನ್ನಿಗೆ ನೀರು ತಾಗಿರುವವರೆಗೂ ಕೆಳಗಿನ ಬೆಂಕಿ ಎಷ್ಟೇ ಉರಿಯಲಿ, ತಗಡಿಗೆ ಭಯವಿಲ್ಲ. ನೀರು ಇಳಿದು ತಗಡು ಬರಿದಾದರೆ ಸ್ವಲ್ಪ ಹೊತ್ತಿನಲ್ಲಿಯೇ ಅದು ಕೆಂಪಗೆ ಕಾದು, ಮೆತ್ತಗಾಗಿ, ಒತ್ತಡಕ್ಕೆ ಜೋತುಬಿದ್ದು ಹರಿಯುತ್ತದೆ. ಅನರ್ಥ ಅಷ್ಟಕ್ಕೇ ನಿಲ್ಲದು. ಒತ್ತಡದಲ್ಲಿರುವ ನೀರು ನೂರು ಡಿಗ್ರಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಪಾತ್ರೆ ಬಿರಿದೊಡನೆ ಅದರಲ್ಲೊಂದು ಪಾಲು ಒಮ್ಮೆಗೇ ಉಗಿಯಾಗುತ್ತದೆ. ಒಂದು ಸೇರು ನೀರು ಉಗಿಯಾದರೆ ಬಯಲಿನಲ್ಲಿ ಸುಮಾರು ಸಾವಿರದ ಆರುನೂರು ಸೇರಿನಷ್ಟು ಜಾಗ ಬೇಡುತ್ತದೆ. ಇನ್ನು ನೀರು ಹೆಚ್ಚಾದರೂ ಕೇಡೇ. ಉಗಿಯ ಜೊತೆಯಲ್ಲಿ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಉಗಿಯಂತೆ ನೀರು ಅದುಮಿಸಿಕೊಳ್ಳುವ ವಸ್ತುವಲ್ಲವಾದ್ದರಿಂದ ಯಂತ್ರ ಮುರಿಯುತ್ತದೆ.

ಇಂಗ್ಲೆಂಡಿನ ಥಾಮಸ್ ಸೇವರಿ 1698ರಲ್ಲಿ ಗಣಿಯ ನೀರೆತ್ತುವ ಉಗಿಯಂತ್ರಕ್ಕೆ ಪೇಟೆಂಟು ಪಡೆದನಷ್ಟೆ. ಆತ ತನ್ನ ಬಾಯ್ಲರಿನೊಳಕ್ಕೆ ಮೇಲಿನಿಂದ ಒಂದು ಸಣ್ಣ ಕೊಳವೆಯನ್ನು ಇಳಿಬಿಟ್ಟು, ಅದರ ನೆತ್ತಿಗೆ ನಲ್ಲಿಯನ್ನು ಇಟ್ಟಿದ್ದ. ನಲ್ಲಿ ತಿರುಗಿಸಿದಾಗ ನೀರು ಚಿಮ್ಮಿದರೆ ಕೊಳವೆಯ ತುದಿ ನೀರಿನಲ್ಲಿದೆಯೆಂದು ಅರ್ಥ. ಉಗಿ ಬುಸುಗುಟ್ಟಿದರೆ ನೀರು ಇಳಿದಿದೆಯೆಂದು ಅರ್ಥ. ನ್ಯೂಕೊಮೆನ್ನನ ಯಂತ್ರಗಳಲ್ಲಿ ಇಂಥ ಕೊಳವೆಗಳು ಎರಡಾದವು. ಒಂದು ಮಟ್ಟದ ಮೇಲೆ, ಇನ್ನೊಂದು ಕೆಳಗೆ. ಮುಂದೆ ಬಾಯ್ಲರಿನ ಮುಖದಲ್ಲೇ ಒಂದರ ಕೆಳಗೊಂದು ಮೂರು ನಲ್ಲಿಗಳನ್ನು ಕೂರಿಸುವ ಪದ್ಧತಿ ಬಂದಿತು. ಯಂತ್ರದವನು ಒಂದೊಂದನ್ನೂ ತೆರೆದು ಸದ್ದನ್ನು ಕೇಳಬೇಕು. ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಿದಂತಾಯಿತು.

ಜೇಮ್ಸ್ ವಾಟನ ಕಾಲದ ಬಾಯ್ಲರುಗಳಲ್ಲಿ ಇದಕ್ಕಿಂತ ಚಮತ್ಕಾರದ ಉಪಾಯವೊಂದಿತ್ತು. ಒಳಗೆ ಒಂದು ಕಲ್ಲು! ಕಲ್ಲು ತೇಲುವುದುಂಟೆ ಎಂದು ವಾಚಕರು ನಗಬಾರದು. ಕಲ್ಲನ್ನು ತಂತಿಗೆ ಕಟ್ಟಿ, ಹೊರಗಿನ ಸನ್ನೆಕೋಲಿನ ಇನ್ನೊಂದು ತುದಿಗೆ ತಕ್ಕ ತೂಕ ನೇತುಹಾಕಿದರೆ ಅದು ನೀರಿನ ಮೇಲ್ಮಟ್ಟದಲ್ಲಿ ಅರೆಮುಳುಗಿ ನಿಲ್ಲುತ್ತದೆ. ನೀರು ಇಳಿದರೆ ಕಲ್ಲೂ ಇಳಿದು ನೀರುಬಾಗಿಲನ್ನು ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಆಗಿನ ಉಗಿಯ ಒತ್ತಡ ಚದರಂಗುಲಕ್ಕೆ ಕೆಲವೇ ಪೌಂಡು. ಆದುದರಿಂದ ಇಂಥ ಸೌಮ್ಯವಾದ ವ್ಯವಸ್ಥೆ ನಡೆಯಿತು.

ಒತ್ತಡ ಏರಿದಾಗ ಕಷ್ಟವೂ ಏರಿತು. ಬಿರುಸಾದ ಉಗಿಯನ್ನು ಪಳಗಿಸಲು ಹೊರಟ ರಿಚರ್ಡ್ ಟ್ರೆವಿಥಿಕ್ಕನ ಬಾಯ್ಲರೊಂದು 1803ರ ಸೆಪ್ಟೆಂಬರಿನಲ್ಲಿ ಗ್ರೀನಿಚ್ಚಿನಲ್ಲಿ ಸಿಡಿದು ನಾಲ್ವರು ಸತ್ತರು. ಯಂತ್ರ ನೋಡಿಕೊಳ್ಳಬೇಕಾದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದ. ಅವನ ಬದಲಿಗೆ ನಿಂತ ಕೂಲಿಯವನು ರಕ್ಷಾಕವಾಟವನ್ನು ಅದುಮಿಟ್ಟಿದ್ದ ಉಪಕರಣವನ್ನು ತೆಗೆಯದೆಯೇ ಯಂತ್ರವನ್ನು ನಿಲ್ಲಿಸಿಬಿಟ್ಟ. ಇಲ್ಲಿ ನೀರಿಗಿಂತ ಕವಾಟದ ತಪ್ಪೇ ದೊಡ್ಡದೆಂದು ಒಪ್ಪಬೇಕು. ಆದರೂ ಟ್ರೆವಿಥಿಕ್ ಮುಂದೆ ಎರಡು ರಕ್ಷಾಕವಾಟಗಳನ್ನು ಇಟ್ಟುದಲ್ಲದೆ, ಬೆಂಕಿಗೂಡಿನ ನೆತ್ತಿಗೆ ಸೀಸದ ಬಿರಡೆಯೊಂದನ್ನೂ ಹಾಕಿದ. ನೀರು ಇಳಿದರೆ ಸೀಸ ಕರಗಿ, ಆ ತೂತಿನಿಂದ ಉಗಿ ನುಗ್ಗಿ ಎಚ್ಚರಿಕೆ ಕೊಡುತ್ತದೆ. ಮನುಷ್ಯ ಮೀನು ಹಿಡಿಯಲು ಹೋದರೂ ಸೀಸ ಕೂತಲ್ಲಿಂದ ಕದಲುವುದಿಲ್ಲವೆಂದು ಅವನ ಎಣಿಕೆಯಾಗಿದ್ದಿರಬೇಕು.

ಮೂರು ನಲ್ಲಿಗಳ ಪದ್ಧತಿಯಲ್ಲಿ ಒಂದು ಮೋಸ ಅಡಗಿತ್ತು. ಅದನ್ನು ಬಯಲಿಗೆಳೆದವರು ಅಮೆರಿಕದವರು. 1830ರ ಸುಮಾರಿಗೆ ಅಲ್ಲಿನ ನದಿಗಳಲ್ಲಿ ಉಗಿಹಡಗುಗಳು ಪದೇ ಪದೇ ಸಿಡಿಯುತ್ತಿದ್ದವು. ಕಾರಣವನ್ನು ಬಲ್ಲವರಿರಲಿಲ್ಲ. ಕಾದ ಕಬ್ಬಿಣ ನೀರನ್ನು ಒಡೆದು ಜಲಜನಕವನ್ನು ಹುಟ್ಟಿಸುತ್ತದೆ, ಆ ಅನಿಲವೇ ಸಿಡಿಯುತ್ತದೆ ಎಂದು ದೊಡ್ಡ ದೊಡ್ಡವರೇ ನಂಬಿದ್ದರು. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಒಂದು ಸಮಿತಿಯನ್ನು ನೇಮಿಸಿತು. ಬೆಂಜಮಿನ್ ಫ್ರಾಂಕ್ಲಿನ್ನನ ಮರಿಮಗ ಅಲೆಗ್ಸಾಂಡರ್ ಡಲ್ಲಾಸ್ ಬಾಚ್ ಅದರ ಮುಂದಾಳು. ಪ್ರಯೋಗಗಳ ವೆಚ್ಚಕ್ಕೆ ಸರ್ಕಾರವೇ ಹಣ ಕೊಟ್ಟಿತು. ಅವರು ಮಾಡಿದ ಕೆಲಸ ಸರಳವಾದುದು, ಆದರೆ ಅದುವರೆಗೆ ಯಾರಿಗೂ ಹೊಳೆಯದಿದ್ದುದು. ಸಣ್ಣ ಬಾಯ್ಲರೊಂದನ್ನು ಕಟ್ಟಿ, ಅದರ ತುದಿಗಳಿಗೆ ಗಾಜಿನ ಕಿಟಕಿಗಳನ್ನು ಇಟ್ಟು, ಒಳಗೆ ನಡೆಯುವುದನ್ನು ಕಣ್ಣಾರೆ ಕಂಡರು. ನಲ್ಲಿಯನ್ನು ತೆರೆದೊಡನೆ ಒಳಗಿನ ಒತ್ತಡ ಸ್ವಲ್ಪ ತಗ್ಗಿ, ಕಾದ ನೀರು ಹಾಲಿನಂತೆ ಉಕ್ಕಿ ನೊರೆಯಾಗಿ ಮೇಲೇರುತ್ತಿತ್ತು! ಅಂದರೆ ನೀರು ನಿಜವಾಗಿ ನಲ್ಲಿಗಿಂತ ಕೆಳಗಿದ್ದರೂ ನಲ್ಲಿಯಲ್ಲಿ ನೀರೇ ಬರುತ್ತಿತ್ತು. ಪರೀಕ್ಷಿಸುವ ಕ್ರಿಯೆಯೇ ಪರೀಕ್ಷೆಯನ್ನು ಕೆಡಿಸುತ್ತಿತ್ತು. ನಲ್ಲಿಯನ್ನು ನಂಬಿ ನಿಶ್ಚಿಂತೆಯಿಂದಿದ್ದು ಸತ್ತ ಯಂತ್ರದವರು ಎಷ್ಟು ಮಂದಿಯೋ! ಸತ್ತವನ ಮೇಲೆ ಅಲಕ್ಷ್ಯದ ಆರೋಪ ಹೊರಿಸುವುದು ಸುಲಭ. ಅವನು ಬಂದು ಸಾಕ್ಷಿ ಹೇಳುವಂತಿಲ್ಲ. ಜಲಜನಕದ ವಾದವನ್ನೂ ಸಮಿತಿ ಅಲ್ಲಗಳೆಯಿತು.

ನಲ್ಲಿಗೆ ಬದಲಾಗಿ ಬಂದುದು ಗಾಜಿನ ಕೊಳವೆ. ರೈಲು ಎಂಜಿನ್ನುಗಳ ಜೊತೆಜೊತೆಗೇ ಅದು ಎಲ್ಲೆಡೆ ಹಬ್ಬಿತು. ತತ್ತ್ವ ಏನೂ ಹೊಸದಲ್ಲ. ಒಂದಕ್ಕೊಂದು ಕೂಡಿಕೊಂಡ ಎರಡು ಪಾತ್ರೆಗಳಲ್ಲಿ ನೀರು ಸಮಮಟ್ಟದಲ್ಲಿ ನಿಲ್ಲುತ್ತದೆ. ಕೊಳವೆಯ ಮೇಲಿನ ತುದಿ ಉಗಿಗೆ, ಕೆಳಗಿನ ತುದಿ ನೀರಿಗೆ ಸೇರಿದ್ದರೆ ಒಳಗಿನ ಮಟ್ಟವೇ ಹೊರಗೆ ಕಾಣುತ್ತದೆ. ಉಗಿಬಂಡಿಯಲ್ಲಿ ಪ್ರಯಾಣ ಮಾಡಿದ ಹಿರಿಯ ವಾಚಕರು ನಿಲ್ದಾಣದಲ್ಲಿ ಎಂಜಿನ್ನಿನ ಹತ್ತಿರ ನಿಂತು, ಬೆಂಕಿಯವನು ಇದ್ದಲು ಎಸೆಯುತ್ತ ನಡುನಡುವೆ ಆ ಕೊಳವೆಯತ್ತ ಕಣ್ಣು ಹಾಯಿಸುತ್ತಿದ್ದುದನ್ನು ನೋಡಿದ್ದಾರು. ಗಾಡಿ ಏರು ಹತ್ತುವಾಗ ನೀರು ಹಿಂದಕ್ಕೆ ಸರಿದು ಮಟ್ಟ ಹೆಚ್ಚಾಗಿ ಕಾಣುತ್ತದೆ, ಇಳಿಜಾರಿನಲ್ಲಿ ಕಡಿಮೆಯಾಗುತ್ತದೆ. ಮಾರ್ಗದ ಏರಿಳಿತವನ್ನು ಬಲ್ಲವನಿಗೆ ಮಾತ್ರ ಗಾಜು ಸರಿಯಾದ ಮಾತು ಹೇಳುತ್ತಿತ್ತು.

ಗಾಜಿಗೂ ಅದರದೇ ಆದ ಮೋಸಗಳಿವೆ. ಪೂರ್ತಿ ತುಂಬಿದ ಕೊಳವೆಗೂ ಪೂರ್ತಿ ಖಾಲಿಯಾದ ಕೊಳವೆಗೂ ಭೇದ ಕಾಣದು. ಎರಡೂ ತಿಳಿಯಾಗಿಯೇ ಇರುತ್ತವೆ. ಇದಕ್ಕೆ ಕಂಡ ಉಪಾಯವೆಂದರೆ, ಕೊಳವೆಯ ಹಿಂದೆ ಕಪ್ಪು ಬಿಳುಪಿನ ಓರೆಗೆರೆಗಳ ಫಲಕವನ್ನು ಇಡುವುದು. ನೀರು ತುಂಬಿದ ಕೊಳವೆ ಮಸೂರದಂತೆ ವರ್ತಿಸುವುದರಿಂದ ನೀರಿರುವಲ್ಲಿ ಗೆರೆಗಳು ತಿರುವುಮುರುವಾಗಿ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ರಿಚರ್ಡ್ ಕ್ಲಿಂಗರ್ ಕೊಳವೆಯನ್ನೇ ಬಿಟ್ಟು ದಪ್ಪವಾದ ಗಾಜಿನ ಪಟ್ಟಿಯನ್ನು ತಂದ. ಅದರ ಒಳಮೈಯಲ್ಲಿ ಉದ್ದುದ್ದಕ್ಕೆ ಕೊರೆದ ತೋಡುಗಳಿವೆ. ಉಗಿಯಿರುವ ಕಡೆ ಬೆಳಕು ಆ ತೋಡುಗಳಿಗೆ ತಾಗಿ ಪೂರ್ತಿಯಾಗಿ ಹಿಂದಿರುಗುತ್ತದೆ, ಬೆಳ್ಳಿಯಂತೆ ಹೊಳೆಯುತ್ತದೆ. ನೀರಿರುವ ಕಡೆ ಒಳಹೊಕ್ಕು ಕರಗಿಹೋಗುವುದರಿಂದ ಅಪ್ಪಟ ಕಪ್ಪು. ದೂರದಿಂದಲೂ ತಪ್ಪಲು ಆಸ್ಪದವಿಲ್ಲ. ಇಷ್ಟು ಸರಳವಾದ ಯುಕ್ತಿಯಿಂದ ಎಷ್ಟು ಜೀವಗಳು ಉಳಿದಿರಬಹುದೆಂದು ಲೆಕ್ಕವಿಟ್ಟವರಿಲ್ಲ.

ಈ ಗೇಜನ್ನು ಕೂರಿಸುವುದೂ ಕಾಪಾಡುವುದೂ ಒಂದು ಕಸುಬು. ಗಾಜು ಕಬ್ಬಿಣದಂತೆ ಬಾಗುವುದಿಲ್ಲವಾದ್ದರಿಂದ ಮೇಲಿನ ಮತ್ತು ಕೆಳಗಿನ ಜೋಡಣೆಗಳು ಒಂದೇ ನೇರದಲ್ಲಿರಬೇಕು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಬಿಸಿಯೇರಿದಾಗ ಗಾಜು ಸೀಳುತ್ತದೆ. ಪಟ್ಟಿಗಾಜಿನ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಅವಸರದವನು ಒಂದೇ ಕಡೆಯಿಂದ ಬಿಗಿದುಕೊಂಡು ಹೋಗಿ ಗಾಜನ್ನು ಒಡೆಯುತ್ತಾನೆ. ಕೂರಿಸಿದ ಮೇಲೆ ಉಗಿಯನ್ನು ಮೆಲ್ಲಗೆ ಬಿಟ್ಟು ಗಾಜನ್ನು ಬೆಚ್ಚಗೆ ಮಾಡಬೇಕು. ಕಾದ ಮೇಲೆ ಸಡಿಲವಾದ ಬೋಲ್ಟನ್ನು ಮತ್ತೆ ನೋಡಬೇಕು. ಒಮ್ಮೆ ತೆಗೆದ ಹಳೆಯ ಗಾಜನ್ನೂ ಗ್ಯಾಸ್ಕೆಟ್ಟನ್ನೂ ಮತ್ತೆ ಹಾಕಬಾರದು. ಬಾಯ್ಲರಿನ ನೀರಿನಲ್ಲಿ ಕ್ಷಾರವಿರುತ್ತದೆ. ಅದು ಗಾಜನ್ನು ದಿನದಿನಕ್ಕೂ ನೆಕ್ಕಿ ಸವೆಸುತ್ತದೆ; ಒತ್ತಡ ಹೆಚ್ಚಿದ್ದರೆ ಗಾಜಿಗೂ ನೀರಿಗೂ ನಡುವೆ ಅಭ್ರಕದ ಹಾಳೆಯನ್ನು ಇಡುತ್ತಾರೆ.

ದಿನವೂ ಮಾಡಬೇಕಾದ ಕೆಲಸವೆಂದರೆ ಗೇಜನ್ನು ಊದಿಸುವುದು. ಕೆಳಗಿನ ಬಸಿನಲ್ಲಿಯನ್ನು ತೆರೆದು, ಮೊದಲು ನೀರಿನ ನಲ್ಲಿಯನ್ನು ಮುಚ್ಚಿದರೆ ಉಗಿ ರಭಸದಿಂದ ಬರಬೇಕು. ಅದನ್ನು ತೆರೆದು ಉಗಿಯ ನಲ್ಲಿಯನ್ನು ಮುಚ್ಚಿದರೆ ನೀರು ಬರಬೇಕು. ಬಾರದಿದ್ದರೆ ಆ ದಾರಿ ಕಟ್ಟಿದೆಯೆಂದು ತಿಳಿಯಬೇಕು. ಬಳಿಕ ಬಸಿನಲ್ಲಿ ಮುಚ್ಚಿದಾಗ ನೀರು ಚಟ್ಟನೆ ಮೇಲೇರಿ ತುಯ್ದಾಡುತ್ತ ನಿಲ್ಲಬೇಕು. ಗಾಜಿನಲ್ಲಿ ನೀರು ಅಲುಗಾಡದೆ ಸ್ಥಿರವಾಗಿ ನಿಂತಿದ್ದರೆ ಹೊಸಬನಿಗೆ ಸಮಾಧಾನವಾಗುತ್ತದೆ. ಹಳಬನಿಗೆ ಅಲ್ಲಿಯೇ ಅನುಮಾನ ಹುಟ್ಟುತ್ತದೆ. ಕೆಸರು ಕಟ್ಟಿದ ಕೊಳವೆಯಲ್ಲಿ ನಿನ್ನೆಯ ನೀರು ಇಂದೂ ಅಲ್ಲೇ ನಿಂತಿರಬಹುದು.

ಇನ್ನೊಂದು ಸೂಕ್ಷ್ಮವೂ ಉಂಟು. ಹೊರಗಿನ ಗೇಜಿನಲ್ಲಿರುವ ನೀರು ಒಳಗಿನದಕ್ಕಿಂತ ತಣ್ಣಗಿರುತ್ತದೆ, ಆದುದರಿಂದ ಹೆಚ್ಚು ಭಾರ. ತಣ್ಣೀರು ಲೀಟರಿಗೆ ಒಂದು ಕಿಲೋಗ್ರಾಂ ತೂಗಿದರೆ, ವಾಯುಮಂಡಲದ ನೂರರಷ್ಟು ಒತ್ತಡದಲ್ಲಿ ಕುದಿಯುವ ನೀರು ತೂಗುವುದು ಸುಮಾರು 690 ಗ್ರಾಂ ಮಾತ್ರ. ಹೀಗಾಗಿ ಗೇಜು ಯಾವಾಗಲೂ ನಿಜಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. ಜೋಡಣೆಯ ಕೊಳವೆಗಳು ಗಿಡ್ಡವಾಗಿರಬೇಕು, ಬೆಚ್ಚಗೆ ಹೊದಿಸಿರಬೇಕು ಎನ್ನುವುದು ಇದಕ್ಕಾಗಿಯೇ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾನೂನು ಬಂದುದು ಕಲ್ಕತ್ತೆಯಿಂದ. 1863ರಲ್ಲಿ ಅಲ್ಲಿ ಬಾಯ್ಲರೊಂದು ಸಿಡಿದು ಹಲವರು ಸತ್ತ ಮೇಲೆ 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಶಾಸನವಾಯಿತು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ನಿಯಮವಾಗಿ ಗೊಂದಲವುಂಟಾದಾಗ 1923ರಲ್ಲಿ ಇಡೀ ದೇಶಕ್ಕೆ ಒಂದೇ ಶಾಸನ ಮಾಡಿದರು. ನೂರು ವರ್ಷ ಬಾಳಿದ ಆ ಶಾಸನದ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಕೋಲಾರದ ಚಿನ್ನದ ಗಣಿಗಳಲ್ಲಿಯೂ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವವರೆಗೆ ಉಗಿಯದೇ ರಾಜ್ಯವಾಗಿತ್ತು.

ಈಗಿನ ಕಾರ್ಖಾನೆಗಳಲ್ಲಿ ಮಟ್ಟವನ್ನು ವಿದ್ಯುದುಪಕರಣಗಳು ಅಳೆದು ದೂರದ ಕೊಠಡಿಯ ಪರದೆಯ ಮೇಲೆ ಅಂಕಿಯಾಗಿ ತೋರಿಸುತ್ತವೆ. ಹಳೆಯ ಕಷ್ಟ ತೀರಿತೆಂದು ಹೇಳುವಂತಿಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ಕವಾಟ ತೆರೆದೇ ಉಳಿದು ನೀರು ಸೋರುತ್ತಿತ್ತು. ಅಣುಪಾತ್ರೆಯೊಳಗಿನ ನೀರನ್ನು ನೇರವಾಗಿ ತೋರಿಸುವ ಗೇಜೇ ಅಲ್ಲಿರಲಿಲ್ಲ. ಪಕ್ಕದ ಒತ್ತಡಪಾತ್ರೆಯ ಗೇಜು ಮಟ್ಟ ಏರುತ್ತಿದೆಯೆಂದು ತೋರಿಸಿತು. ನೀರು ಹೆಚ್ಚಾಯಿತೆಂದು ಭಾವಿಸಿ ಕೆಲಸಗಾರರು ಒಳಹರಿವನ್ನು ತಗ್ಗಿಸಿದರು; ಇತ್ತ ಬರಿದಾದ ಇಂಧನದ ಅರ್ಧದಷ್ಟು ಕರಗಿಹೋಯಿತು. ಬಾಚ್ ಪಂಡಿತನ ನೊರೆನೀರು ನೂರ ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ವೇಷ ಬದಲಿಸಿಕೊಂಡು ಬಂದಂತಿತ್ತು.

2005ರ ಮಾರ್ಚ್ 23ರಂದು ಟೆಕ್ಸಸ್ ಸಿಟಿಯ ತೈಲ ಶುದ್ಧೀಕರಣದ ಕಾರ್ಖಾನೆಯಲ್ಲಿ ನಡೆದುದು ಇದರ ಮಗ್ಗುಲು ಮಾತು. 170 ಅಡಿ ಎತ್ತರದ ಗೋಪುರವೊಂದಕ್ಕೆ ಎಣ್ಣೆಯನ್ನು ಬಿಡುತ್ತಲೇ ಇದ್ದರು. ಮಟ್ಟ ಅಳೆಯುವ ಉಪಕರಣವನ್ನು ಒಳಗಿನ ದ್ರವದ ಸಾಂದ್ರತೆಗೆ ತಕ್ಕಂತೆ ಹೊಂದಿಸಿರಲಿಲ್ಲ. ಒಳಗೆ ದ್ರವ 158 ಅಡಿ ಏರಿದ್ದ ಹೊತ್ತಿನಲ್ಲಿ ಪರದೆಯ ಮೇಲಿದ್ದ ಅಂಕಿ ಎಂಟು ಅಡಿಗೂ ಕಡಿಮೆ. ಅದೂ ಇಳಿಯುತ್ತಿರುವಂತೆ ತೋರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಉಕ್ಕಿ ಹೊತ್ತಿಕೊಂಡು 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು. ಗೋಪುರದ ಬುಡದಲ್ಲಿ ಗಾಜಿನ ಗೇಜು ಒಂದಿತ್ತು. ಅದರ ಗಾಜಿಗೆ ಬಹುಕಾಲದಿಂದ ಕಪ್ಪು ಜಿಡ್ಡು ಹಿಡಿದು ಒಳಗೇನಿದೆಯೆಂದು ಕಾಣುತ್ತಿರಲಿಲ್ಲ.